ಶಿರಸಿಯಿಂದ ಕಾರವಾರಕ್ಕೆ: ಎರಡು ಬೈಕು, ಒಂದು ಸರಪಳಿ, ಒಂದು ಪೆನ್ಸಿಲ್

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಹತ್ತಿರ ಎಲ್ಲರ ಎದುರಿಗೇ ಬೈಕ್ ಬೀಳಿಸಿಕೊಂಡೆ. ಮಳೆ ಇರಲಿಲ್ಲ, ರಸ್ತೆಯೂ ಜಾರುತ್ತಿರಲಿಲ್ಲ. ಮುಂದಿನ ಗಾಲಿಗೆ ನಾನೇ ಹಾಕಿದ್ದ ಡಿಸ್ಕ್ ಲಾಕ್, ಅಂದರೆ ಬ್ರೇಕಿನ ತಟ್ಟೆಗೆ ಹಾಕೋ ಬೀಗ, ತೆಗೆಯೋದು ಮರೆತಿದ್ದೆ, ಅಷ್ಟೇ. ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ಟೆ. ಗಾಡಿ ಒಂದಡಿ ಮುಂದೆ ಹೋಗಿ, ಲಾಕು ಬ್ರೇಕ್ ಹಿಡಿಯೋ ಕ್ಯಾಲಿಪರ್‌ಗೆ ಬಡಿದು, ಗಾಲಿ ಗಕ್ಕನೆ ನಿಂತಿತು. 195 ಕೆಜಿ ತೂಕದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಎಡಕ್ಕೆ ವಾಲಿದರೆ ಹಿಡಿದು ನಿಲ್ಲಿಸೋ ತಾಕತ್ತು ನನಗಿಲ್ಲ. ಮೆಲ್ಲಗೆ ಮಲಗಿಸಿಬಿಟ್ಟೆ.

ಹೂ ಮಾರುತ್ತಿದ್ದ ಹುಡುಗ ಓಡಿ ಬಂದು ಎತ್ತಿಸಿದ. "ಅಣ್ಣಾ, ಬೀಗನೇ ತೆಗೀಲಿಲ್ಲ ನೀವು" ಅಂದ. ಹಿಂದೆ ಸ್ಪ್ಲೆಂಡರ್ ಮೇಲೆ ಕೂತಿದ್ದ ನನ್ನ ಗೆಳೆಯ ನಗು ತಡೆದುಕೊಂಡಿದ್ದ. ಅವನು ಹಾವೇರಿ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರು, ಊರಲ್ಲಿ ಎಲ್ಲರೂ ಕರೆಯೋದು ಮಾಸ್ತರ ಅಂತ. "ಕಳ್ಳ ಒಯ್ಯಲಿಲ್ಲ ನೋಡು, ಬೀಗ ಚಲೋ ಕೆಲಸ ಮಾಡೇತಿ" ಅಂದ.

ಕ್ಲಚ್ ಲಿವರ್ ಬಗ್ಗಿತು, ಲೆಗ್ ಗಾರ್ಡ್ ಗೀಚಿತು, ಬೇರೇನೂ ಆಗಲಿಲ್ಲ. ತಪ್ಪು ಎಲ್ಲಿತ್ತು ಗೊತ್ತಾ? ಡಿಸ್ಕ್ ಲಾಕ್ ಜೊತೆ ಕಿತ್ತಳೆ ಬಣ್ಣದ ಸುರುಳಿ ಹಗ್ಗ ಕೊಟ್ಟಿರುತ್ತಾರೆ. ಒಂದು ತುದಿ ಲಾಕಿಗೆ, ಇನ್ನೊಂದು ತುದಿ ಹ್ಯಾಂಡಲ್‌ಗೆ ಸಿಕ್ಕಿಸಬೇಕು. ಹತ್ತುವಾಗ ಅದು ಕಣ್ಣಿಗೆ ಬೀಳುತ್ತದೆ, ಲಾಕ್ ಇದೆ ಅಂತ ನೆನಪಾಗುತ್ತದೆ. ನಾನು ಅದನ್ನು 'ಮಕ್ಕಳ ಆಟಿಕೆ' ಅಂತ ಮನೆಯಲ್ಲೇ ಬಿಟ್ಟು ಬಂದಿದ್ದೆ. ನೀವು ಬಿಡಬೇಡಿ.

ಇಷ್ಟೆಲ್ಲ ಬೀಗದ ಹುಚ್ಚು ನನಗೆ ಯಾಕೆ ಅಂದರೆ, ಮೂರು ವರ್ಷದ ಹಿಂದೆ ನನ್ನ ಹಳೇ ಗಾಡಿ ಹೋಯಿತು. ಹೋಟೆಲ್ ಎದುರು ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ, ಮಸಾಲೆ ದೋಸೆ ತಿಂದು ಬರೋದರೊಳಗೆ ಜಾಗ ಖಾಲಿ. ಹ್ಯಾಂಡಲ್ ಲಾಕ್ ಅಂದರೆ ಒಳಗೆ ಒಂದು ಸಣ್ಣ ಪಿನ್, ಅಷ್ಟೇ. ಹ್ಯಾಂಡಲ್ ಹಿಡಿದು ಜೋರಾಗಿ ತಿರುಗಿಸಿದರೆ ಅಥವಾ ಕಾಲಲ್ಲಿ ಒದ್ದರೆ ಮುರಿಯುತ್ತದೆ. ಅದರ ಮೇಲೆ ನಾನು ಮಾಡಿಸಿದ್ದು ಬರೀ ಥರ್ಡ್ ಪಾರ್ಟಿ ವಿಮೆ. ಅದರಲ್ಲಿ ಕಳವಿಗೆ ಒಂದು ಪೈಸೆಯೂ ಬರಲ್ಲ. ಈ ಪ್ರವಾಸಕ್ಕೆ ಹೊರಡೋ ಮುಂಚೆ ನಿಮ್ಮ ಪಾಲಿಸಿ ಒಮ್ಮೆ ತೆಗೆದು ನೋಡಿ. ಬೀಗ ಆಮೇಲೆ ಕೊಳ್ಳಿ.

ನಮ್ಮ ದಾರಿ ಇಷ್ಟು: ಹಾವೇರಿಯಿಂದ ಹಾನಗಲ್ ಮೇಲೆ ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಆಮೇಲೆ ಗೋಕರ್ಣ, ಅಂಕೋಲಾ, ಕಾರವಾರ. ಒಟ್ಟು ಐದು ದಿನ. ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರ್. ಈ ರಸ್ತೆ ಅಗಲ ಮಾಡೋ ಕೆಲಸ ವರ್ಷಗಟ್ಟಲೆ ನಡೆದಿದೆ, ಮಳೆಗಾಲದಲ್ಲಿ ಗುಡ್ಡ ಜರಿಯೋದೂ ಉಂಟು. ಹಾಗಾಗಿ ಘಟ್ಟ ತೆರೆದಿದೆಯೋ ಇಲ್ಲವೋ ಶಿರಸಿಯಲ್ಲೇ ಕೇಳಿಕೊಂಡು ಹೊರಡಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ವಾರ ಹೋಗುವವರು ಊರ ಹೊರಗೆ ಪಾರ್ಕಿಂಗ್ ಮಾಡಿ ನಡೆದು ಬರೋದೇ ಸುಖ.

ಈಗ ಬೀಗದ ಲೆಕ್ಕ. ನನ್ನ ಗಾಡಿಗೆ ಡಿಸ್ಕ್ ಲಾಕ್ ಆಯಿತು. ಮಾಸ್ತರನ ಸ್ಪ್ಲೆಂಡರ್‌ಗೆ ಎರಡೂ ಕಡೆ ಡ್ರಮ್ ಬ್ರೇಕ್. ಡಿಸ್ಕೇ ಇಲ್ಲದ ಮೇಲೆ ಡಿಸ್ಕ್ ಲಾಕ್ ಎಲ್ಲಿಗೆ ಹಾಕೋದು? ಅಂಗಡಿಯಲ್ಲಿ ಕೇಳಿದ್ದನ್ನು ತಂದು ಮನೆಯಲ್ಲಿ ತಲೆ ಕೆರೆದುಕೊಂಡವರನ್ನು ನೋಡಿದ್ದೇನೆ. ಅವನಿಗೆ ಸರಪಳಿ ಬೇಕಾಯಿತು. ಎರಡು ಕೆಜಿಗಿಂತ ಜಾಸ್ತಿ ತೂಕದ್ದು, ಚೌಕ ಕೊಂಡಿಗಳದ್ದು, ಮೇಲೆ ಬಟ್ಟೆಯ ತೋಳು. ತೆಳು ತಂತಿಯ ಕೇಬಲ್ ಲಾಕ್ ಹೆಲ್ಮೆಟ್‌ಗೆ ಸರಿ, ಗಾಡಿಗಲ್ಲ. ಸಣ್ಣ ಕಟರ್‌ಗೂ ಅದು ತುಂಡಾಗುತ್ತದೆ.

ಸರಪಳಿ ಹಾಕೋದರಲ್ಲೂ ಒಂದು ಕ್ರಮ ಇದೆ. ಮುಂದಿನ ಗಾಲಿಗೆ ಮಾತ್ರ ಸುತ್ತಿದರೆ ಗಾಲಿ ಬಿಚ್ಚಿಟ್ಟು ಉಳಿದ ಗಾಡಿ ಒಯ್ಯಬಹುದು. ಹಿಂದಿನ ಗಾಲಿ ಮತ್ತು ಚಾಸಿಸ್ ಎರಡನ್ನೂ ಸೇರಿಸಿ ಹಾಕಬೇಕು. ಸರಪಳಿ ನೆಲಕ್ಕೆ ತಾಗಬಾರದು. ನೆಲದ ಮೇಲೆ ಬಿದ್ದಿದ್ದರೆ ಕಟರ್‌ನ ಒಂದು ಹಿಡಿ ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಹಾಕಿ ಕತ್ತರಿಸೋದು ಸುಲಭ. ಮೇಲೆ ಬಿಗಿಯಾಗಿದ್ದರೆ ಆ ಆಸರೆ ಸಿಗಲ್ಲ. ಕೀ ಹಾಕೋ ತೂತು ಕೆಳಮುಖ ಇರಲಿ, ಮಳೆ ನೀರು ಒಳಗೆ ಹೋಗಲ್ಲ. ಎರಡು ಗಾಡಿ ಇದ್ದರೆ ಇನ್ನೂ ಒಳ್ಳೇದು: ರಾತ್ರಿ ಎರಡರ ಹಿಂದಿನ ಗಾಲಿಗೂ ಒಂದೇ ಸರಪಳಿ ಹಾಕಿ ಜೋಡಿ ಕಟ್ಟಿಬಿಡುತ್ತಿದ್ದೆವು, ಎತ್ತು ಕಟ್ಟಿದ ಹಾಗೆ.

ಘಟ್ಟದಲ್ಲಿ ಒಂದು ತಮಾಷೆ ಆಯಿತು. ನನ್ನ ಗಾಡಿಯಲ್ಲಿ ಜಿಪಿಎಸ್ ಟ್ರ್ಯಾಕರ್ ಇದೆ, ಮನೆಯವಳ ಮೊಬೈಲಲ್ಲೂ ಕಾಣುತ್ತದೆ. ದೇವಿಮನೆ ಕಾಡಿನಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಟ್ರ್ಯಾಕರ್ ಒಳಗಿರೋದೂ ಸಿಮ್ ಕಾರ್ಡೇ ತಾನೆ, ಸಿಗ್ನಲ್ ಇಲ್ಲದಿದ್ದರೆ ಅದೂ ಮೂಕ. ಮುಕ್ಕಾಲು ಗಂಟೆ ಗಾಡಿ ಘಟ್ಟದ ಒಂದೇ ತಿರುವಿನಲ್ಲಿ ನಿಂತ ಹಾಗೆ ಕಂಡಿತಂತೆ. ಕುಮಟಾ ತಲುಪಿ ಫೋನ್ ತೆಗೆದರೆ ಹನ್ನೊಂದು ಮಿಸ್ಡ್ ಕಾಲ್. ಟ್ರ್ಯಾಕರ್ ಗಾಡಿ ಕಾಯಲ್ಲ, ಹೋದ ಮೇಲೆ ಎಲ್ಲಿದೆ ಅಂತ ಹೇಳುತ್ತದೆ, ಅದೂ ಸಿಗ್ನಲ್ ಇದ್ದಾಗ. ಹೊರಡೋ ಮುಂಚೆ ಅದರ ಸಿಮ್‌ಗೆ ರೀಚಾರ್ಜ್ ಇದೆಯಾ ನೋಡಿ, ಮನೆಯವರಿಗೂ ಘಟ್ಟದ ವಿಷಯ ಹೇಳಿಡಿ.

ಯಾಣಕ್ಕೆ ಈ ದಾರಿಯಿಂದಲೇ ಒಳಗೆ ಹೋಗಬೇಕು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪು ಬಂಡೆ ನೋಡಿ ಕತ್ತು ನೋಯುತ್ತದೆ. ಆದರೆ ಗಾಡಿ ಕೆಳಗೆ ಬಿಟ್ಟು ಕಾಡಿನಲ್ಲಿ ನಡೆಯಬೇಕು, ಗಾಡಿ ಕಣ್ಣಿಗೆ ಕಾಣಲ್ಲ. ಇಂಥ ಕಡೆ ನನಗೆ ಗಾಡಿಗಿಂತ ಅದರ ಮೇಲಿನ ಸಾಮಾನಿನದೇ ಚಿಂತೆ. ಡಿಸ್ಕ್ ಲಾಕ್ ಹಾಕಿದ ಗಾಡಿಯಿಂದಲೂ ಬ್ಯಾಗ್ ಬಿಚ್ಚಿಕೊಂಡು ಹೋಗಬಹುದಲ್ವಾ? ಹೆಲ್ಮೆಟ್ ಪಟ್ಟಿಯನ್ನು ಲಾಕಿಗೆ ಸಿಕ್ಕಿಸಿದರೆ ಪಟ್ಟಿ ಕೊಯ್ದು ಒಯ್ಯುತ್ತಾರೆ. ಮುಖ ಮುಚ್ಚುವ ಹೆಲ್ಮೆಟ್ ಆದರೆ ಗದ್ದದ ಭಾಗದೊಳಗಿಂದ ಕೇಬಲ್ ತೂರಿಸಿ, ಬ್ಯಾಗಿನ ಹಿಡಿಗೂ ಹಾಕಿ ಬೀಗ ಹಾಕಿ. ದುಡ್ಡು, ಫೋನು, ಕಾಗದ ಮೈಮೇಲೇ ಇರಲಿ. ಆರ್‌ಸಿ, ಲೈಸೆನ್ಸ್ ಡಿಜಿಲಾಕರ್‌ನಲ್ಲಿ ಇದ್ದರೆ ಸಾಕು, ಅಸಲು ಪ್ರತಿ ಗಾಡಿಯಲ್ಲಿ ಇಡೋದು ಬೇಡ.

ಮಿರ್ಜಾನ್ ಕೋಟೆ ಹೆದ್ದಾರಿಗೆ ಹತ್ತಿರವೇ ಇದೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕೋಟೆ ಅಂತ ಹೆಸರು. ಅರ್ಧ ಗಂಟೆ ಸಾಕು, ಸಂಜೆ ಬಿಸಿಲು ಚೆಂದ.

ಗೋಕರ್ಣದಲ್ಲಿ ಮೂರು ರಾತ್ರಿ ಇದ್ದೆವು, ಕಲಿತದ್ದೂ ಅಲ್ಲೇ ಜಾಸ್ತಿ. ಕುಡ್ಲೆ ಬೀಚಿಗೆ ಗಾಡಿ ಇಳಿಯಲ್ಲ. ಮೇಲೆ ಗುಡ್ಡದಲ್ಲಿ ನಿಲ್ಲಿಸಿ ನಡೆದು ಇಳಿಯಬೇಕು. ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ನಡೆಯುತ್ತಾ ಹೋದರೆ ಗಾಡಿ ಇಡೀ ದಿನ ಒಂಟಿ. ಅದಕ್ಕೇ ರೂಮು ಹುಡುಕುವಾಗ ನಾವು ಕೇಳಿದ ಮೊದಲ ಪ್ರಶ್ನೆ, "ಗಾಡಿ ಎಲ್ಲಿ ನಿಲ್ಲಿಸೋದು?" ಒಂದು ಕಡೆ "ರಸ್ತೇಲೇ ಬಿಡಿ, ಏನೂ ಆಗಲ್ಲ" ಅಂದರು. ಮುಂದಕ್ಕೆ ಹೋದೆವು. ಕೊನೆಗೆ ಅಂಗಳ, ಗೇಟು, ಒಂದು ನಾಯಿ ಇರೋ ಮನೆ ಸಿಕ್ಕಿತು. ಬಾಡಿಗೆ ಇನ್ನೂರು ಜಾಸ್ತಿ. ಕೊಟ್ಟೆವು.

ಮೊದಲ ರಾತ್ರಿ ಎರಡು ಗಂಟೆಗೆ ನನ್ನ ಸೈರನ್ ಕೂಗಿತು. ಆನ್‌ಲೈನ್‌ನಲ್ಲಿ ತರಿಸಿ, ಬ್ಯಾಟರಿಗೆ ವೈರ್ ಎಳೆದು ಹಾಕಿಸಿದ ರಿಮೋಟ್ ಅಲಾರಾಂ ಅದು. ಓಡಿ ಬಂದರೆ ಕಳ್ಳ ಇಲ್ಲ, ತೆಂಗಿನ ಮರದಿಂದ ಒಂದು ಒಣಗಿದ ಗರಿ ಬಿದ್ದಿದೆ. ಆಫ್ ಮಾಡಿ ಮಲಗಿದೆ. ಮೂರೂವರೆಗೆ ಮತ್ತೆ. ಈ ಸಲ ಬೆಕ್ಕು ಸೀಟಿನ ಮೇಲಿತ್ತು. ಮನೆಯ ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ತಮಾ, ಅದೆಂತಕೆ ಹಾಂಗೆ ಕೂಗ್ತದೆ? ಮಕ್ಕಳೆಲ್ಲ ಎದ್ಕೊಂಡ್ರು."

"ಬೆಕ್ಕು ಹತ್ತಿತ್ತು ಅಮ್ಮಾ."

"ಬೆಕ್ಕು ಗಾಡಿ ಕದ್ಕೊಂಡು ಹೋಗ್ತದಾ? ನಾಯಿ ಇದೆ, ಮಲ್ಕೋ ನೀನು."

ಸೆನ್ಸರ್ ಎಷ್ಟು ಸೂಕ್ಷ್ಮ ಇರಬೇಕು ಅಂತ ಕಡಿಮೆ ಮಾಡೋ ಸೌಲಭ್ಯ ಬಹುತೇಕ ಅಲಾರಾಂಗಳಲ್ಲಿ ಇರುತ್ತದೆ. ಅದನ್ನು ಮನೆಯಲ್ಲೇ ಸರಿ ಮಾಡಿಕೊಂಡು ಹೋಗಿ. ಸೀಟನ್ನು ಅಂಗೈಲಿ ತಟ್ಟಿದರೆ ಸುಮ್ಮನಿರಬೇಕು, ಸ್ಟ್ಯಾಂಡಿನಿಂದ ಎತ್ತಿದರೆ ಕೂಗಬೇಕು. ಸುಮ್ಸುಮ್ನೆ ಕೂಗೋ ಸೈರನ್‌ಗೆ ಎರಡನೇ ದಿನ ಯಾರೂ ತಲೆ ಎತ್ತಿ ನೋಡಲ್ಲ. ಆಗ ಅದು ಇದ್ದೂ ಇಲ್ಲದ ಹಾಗೆ.

ಅದರ ಇನ್ನೊಂದು ಕಾಟ ಮೂರನೇ ಬೆಳಗ್ಗೆ ಗೊತ್ತಾಯಿತು. ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಟಿಕ್, ಅಷ್ಟೇ. ಲೆಕ್ಕ ಹಾಕಿ ನೋಡಿ: ಅಲಾರಾಂ, ಟ್ರ್ಯಾಕರ್ ಎರಡೂ ಸೇರಿ 40 ಮಿಲಿಆಂಪ್ ಎಳೆದರೂ ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್ ಅವರ್ ಹೋಯಿತು. ನನ್ನ ಬ್ಯಾಟರಿ ಹಿಡಿಯೋದೇ 8 ಆಂಪಿಯರ್ ಅವರ್. ಹಳೇ ಬ್ಯಾಟರಿ, ಎರಡೂವರೆ ದಿನ ಓಡಿಸಿಲ್ಲ, ನಡುವೆ ಸೈರನ್ ಬೇರೆ ಕೂಗಿದೆ. ಹೊಸ ಕ್ಲಾಸಿಕ್‌ಗಳಿಗೆ ಕಿಕ್ಕರ್ ಇಲ್ಲ. ಮಾಸ್ತರ ತನ್ನ ಸ್ಪ್ಲೆಂಡರ್‌ಗೆ ಒಂದು ಕಿಕ್ ಹೊಡೆದು, ಸ್ಟಾರ್ಟ್ ಮಾಡಿ, ನನ್ನನ್ನೇ ನೋಡುತ್ತಾ ನಿಂತ. ಪುಣ್ಯಕ್ಕೆ ಗುಡ್ಡದ ಇಳಿಜಾರಿತ್ತು. ಎರಡನೇ ಗೇರ್ ಹಾಕಿ, ಉರುಳಿಸಿ, ಕ್ಲಚ್ ಬಿಟ್ಟು ಹೇಗೋ ಎಬ್ಬಿಸಿದೆವು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಗಾಡಿಯೊಳಗೆ ಇಂಜಿನ್‌ಗೆ ಪೆಟ್ರೋಲ್ ಕಳಿಸೋ ಪಂಪೇ ಓಡಲ್ಲ, ಎಷ್ಟು ತಳ್ಳಿದರೂ ಅಷ್ಟೇ. ಊರಿಗೆ ಬಂದ ಮೇಲೆ ಆ ವೈರಿನ ಅಲಾರಾಂ ಕಿತ್ತು ಹಾಕಿಸಿದೆ. ಈಗ ಸೈರನ್ ಒಳಗೇ ಇರೋ ಡಿಸ್ಕ್ ಲಾಕ್ ತಂದಿದ್ದೇನೆ. ಅದಕ್ಕೆ ಅದರದೇ ಬಟನ್ ಸೆಲ್ ಇರುತ್ತವೆ, ಗಾಡಿ ಬ್ಯಾಟರಿ ತಿನ್ನಲ್ಲ. ಒಂದು ಸೆಟ್ ಸೆಲ್ ಹೆಚ್ಚಿಗೆ ಇಟ್ಟುಕೊಂಡರೆ ಆಯಿತು.

ಕೀ ವಿಷಯ ಹೇಳಲೇಬೇಕು. ಮಹಾಬಲೇಶ್ವರನ ಗುಡಿಗೆ ಗಂಡಸರು ಅಂಗಿ ತೆಗೆದು ಪಂಚೆ ಉಟ್ಟು ಹೋಗಬೇಕು. ಪಂಚೆಗೆ ಜೇಬಿಲ್ಲ! ಕೀ ಎಲ್ಲಿಡೋದು? ಚಪ್ಪಲಿ ಜೊತೆ ಬಿಟ್ಟವರನ್ನು ನೋಡಿದೆ, ನನಗೆ ಎದೆ ಧಸಕ್ಕೆಂದಿತು. ಮಾಸ್ತರ ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಓಂ ಬೀಚಿನಲ್ಲಿ ನೀರಿಗಿಳಿಯುವಾಗಲೂ ಅದೇ ಉಪಾಯ. ನಾನು ರಿಮೋಟ್ ಸಮೇತ ಚಡ್ಡಿ ಜೇಬಲ್ಲಿಟ್ಟು ಇಳಿದೆ. ಕೀ ಉಳಿಯಿತು, ರಿಮೋಟ್ ಉಪ್ಪುನೀರು ಕುಡಿದು ಸತ್ತಿತು. ಎರಡನೇ ಕೀಯನ್ನು ಮಾಸ್ತರನ ಬ್ಯಾಗಲ್ಲಿ ಇಟ್ಟಿದ್ದೆ, ಅವನದು ನನ್ನ ಬ್ಯಾಗಲ್ಲಿ. ಒಬ್ಬರೇ ಹೋಗುವವರು ಎರಡನೆಯದನ್ನು ಮನೆಯಲ್ಲಿ ಬಿಡಿ, ಎರಡನ್ನೂ ಒಂದೇ ಗೊಂಚಲಿಗೆ ಹಾಕಬೇಡಿ. ಗಾಡಿ ಹೋದರೆ ವಿಮೆಯವರು ಮೊದಲು ಕೇಳೋದೇ ಎರಡೂ ಕೀ.

ಹೋದರೆ ಏನು ಮಾಡಬೇಕು ಅಂತಾನೂ ಹೇಳಿಬಿಡುತ್ತೇನೆ. ಸುತ್ತಮುತ್ತ ಒಂದು ಸಲ ನೋಡಿ, ರಾಂಗ್ ಪಾರ್ಕಿಂಗ್‌ಗೆ ಪೊಲೀಸರೇ ಎತ್ತಿಕೊಂಡು ಹೋಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ತಕ್ಷಣ 112ಕ್ಕೆ ಫೋನ್ ಮಾಡಿ. ಹತ್ತಿರದ ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ, ಅವತ್ತೇ ವಿಮೆ ಕಂಪನಿಗೂ ತಿಳಿಸಿ. ಊರಿಗೆ ಹೋಗಿ ಮಾಡೋಣ ಅಂತ ತಡ ಮಾಡಿದರೆ ಕ್ಲೇಮಿನಲ್ಲಿ ಅದೇ ಕೊಕ್ಕೆ ಆಗುತ್ತದೆ. ಗಾಡಿ ಸಿಗದೇ ಹೋದರೆ ಪೊಲೀಸರು ಪತ್ತೆಯಾಗಲಿಲ್ಲ ಅನ್ನೋ 'ಸಿ' ರಿಪೋರ್ಟ್ ಕೊಡುತ್ತಾರೆ. ವಿಮೆ ಹಣಕ್ಕೆ ಅದು ಬೇಕು. ಇಂಜಿನ್ ನಂಬರ್, ಚಾಸಿಸ್ ನಂಬರ್, ಗಾಡಿಯ ಎರಡು ಫೋಟೋ ಫೋನಲ್ಲಿ ಇರಲಿ. ನನ್ನ ಹಳೇ ಗಾಡಿ ಹೋದಾಗ ಚಾಸಿಸ್ ನಂಬರ್ ಹುಡುಕೋಕೇ ಅರ್ಧ ದಿನ ಹೋಗಿತ್ತು.

ಅಂಕೋಲಾ ದಾಟಿ ಕಾರವಾರಕ್ಕೆ ಹೋಗೋ ಹೆದ್ದಾರಿ ಚೆನ್ನಾಗಿದೆ. ಅಂಕೋಲಾಕ್ಕೆ ಮೊದಲೇ ಶಿರೂರು ಸಿಗುತ್ತದೆ, 2024ರ ಜುಲೈನಲ್ಲಿ ಗುಡ್ಡ ಕುಸಿದ ಜಾಗ. ಅಲ್ಲಿ ಟೀ ಗೀ ಅಂತ ನಿಲ್ಲೋ ಮನಸ್ಸು ಬರಲಿಲ್ಲ. ಕಾರವಾರದಲ್ಲಿ ಟ್ಯಾಗೋರ್ ಬೀಚ್ ರಸ್ತೆ ಪಕ್ಕದಲ್ಲೇ ಇದೆ. ಐಎನ್‌ಎಸ್ ಚಾಪಲ್ ಯುದ್ಧನೌಕೆ ಮ್ಯೂಸಿಯಂ ನೋಡುವಾಗ ಗಾಡಿಯನ್ನು ಮರಳಿನ ಹತ್ತಿರ ನಿಲ್ಲಿಸಿದೆವು. ಎರಡು ತಾಸು ಗಾಳಿ ಹೊಡೆಯಿತು. ರಾತ್ರಿ ಲಾಡ್ಜ್ ಎದುರು ಅದೇ ಲಾಕ್ ಹಾಕಿ ಮಲಗಿದೆ.

ಬೆಳಗ್ಗೆ ಲಾಕಿನೊಳಗೆ ಕೀ ಹೋಗುತ್ತದೆ, ತಿರುಗಲ್ಲ. ಅಲುಗಿಸಿದೆ, ಊದಿದೆ, ಬೈದೆ. ಮಾಸ್ತರ ತೆಂಗಿನೆಣ್ಣೆ ತರೋಕೆ ಹೊರಟ. ಪಕ್ಕದ ಗಲ್ಲಿಯ ಸೈಕಲ್ ರಿಪೇರಿಯವರು, ಅರವತ್ತು ದಾಟಿದವರು, "ಎಣ್ಣೆ ಬೇಡ, ಮರಳು ಅಂಟುತ್ತೆ" ಅಂದರು. ಮೊದಲು ಒಂದು ಸಿರಿಂಜಿನಲ್ಲಿ ಸಿಹಿನೀರು ಬಿಟ್ಟು ತೊಳೆದರು. ಟೈರಿಗೆ ಗಾಳಿ ಹೊಡೆಯೋ ಪೈಪು ಹಿಡಿದು ಒಣಗಿಸಿದರು. ಆಮೇಲೆ ಮೊಮ್ಮಗಳ ಪೆನ್ಸಿಲ್ ತಂದು, ಕೀಯ ಹಲ್ಲುಗಳ ಮೇಲೆಲ್ಲ ಕಪ್ಪಗಾಗೋ ತನಕ ಗೀಚಿದರು. ಒಳಗೆ ಹಾಕಿ ತೆಗೆದು, ಮತ್ತೆ ಗೀಚಿ, ಮತ್ತೆ ಹಾಕಿದರು. ನಾಲ್ಕನೇ ಸಲಕ್ಕೆ ಟಕ್ ಅಂತ ತಿರುಗಿತು. ಪೆನ್ಸಿಲ್ ಕಡ್ಡಿ ಅಂದರೆ ಗ್ರಾಫೈಟ್, ಒಣ ಪುಡಿ, ಜಾರಿಸುತ್ತದೆ, ಮರಳು ಹಿಡಿಯಲ್ಲ. ದುಡ್ಡು ಕೊಡಹೋದರೆ ಇಪ್ಪತ್ತೇ ರೂಪಾಯಿ ತಗೊಂಡರು.

ವಾಪಸ್ ಅಂಕೋಲಾದಿಂದ ಯಲ್ಲಾಪುರ ಘಟ್ಟ ಹತ್ತಿ, ಮುಂಡಗೋಡ ಮೇಲೆ ಊರಿಗೆ ಬಂದೆವು. ಲಾರಿ ಜಾಸ್ತಿ, ಹಗಲೇ ದಾಟಿಕೊಳ್ಳಿ. ಹೊರಡೋ ಮುಂಚೆ ಕಾರವಾರದಲ್ಲಿ ಐದು ರೂಪಾಯಿಯ ಪೆನ್ಸಿಲ್ ಒಂದು ಕೊಂಡು ಟೂಲ್ ಕಿಟ್‌ಗೆ ಹಾಕಿದೆ. ಮನೆಗೆ ಬಂದು ನೋಡಿದರೆ ಇಲ್ಲ. ಮಾಸ್ತರನಿಗೆ ಫೋನ್ ಮಾಡಿದೆ. "ಹಾಜರಿ ಹಾಕಾಕ ಬೇಕಾಗಿತ್ತಲೇ" ಅಂದ.