ಈ ಕೈಯಿಂದ ಏನೇನು ಆಗಬೇಕು?

ಮಂಡಿ ಬದಲಾಯಿಸಿಕೊಂಡವರು ನಮ್ಮ ಹಾಸನದಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಭುಜ ಬದಲಾಯಿಸಿಕೊಂಡವರನ್ನು ಹುಡುಕಿದರೆ ನನಗೆ ಒಬ್ಬರೂ ಸಿಗಲಿಲ್ಲ. ಭುಜವನ್ನೂ ಬದಲಾಯಿಸುತ್ತಾರೆಯೇ ಎಂದು ನನ್ನನ್ನೇ ತಿರುಗಿ ಕೇಳಿದವರು ಹೆಚ್ಚು. ಬದಲಾಯಿಸುತ್ತಾರೆ. ನನ್ನದು ಬಲಭುಜ.

ಸಾಲಗಾಮೆ ರಸ್ತೆಯ ಕಡೆ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಚ್ಚಾಗಿ ರವಿಕೆ, ಚೂಡಿದಾರ್, ಸೀರೆಗೆ ಫಾಲ್ ಹಾಕುವುದು. ಹಬ್ಬ ಬಂದರೆ ಮಕ್ಕಳ ಲಂಗ. ಬಲಗೈಯೇ ಬಂಡವಾಳ. ನೋವು ಶುರುವಾದಾಗ ಎಲ್ಲರಂತೆ ಎಣ್ಣೆ ತಿಕ್ಕಿಸಿಕೊಂಡೆ, ಮಾತ್ರೆ ನುಂಗಿದೆ, ಬಿಸಿ ನೀರಿನ ಚೀಲ ಇಟ್ಟುಕೊಂಡೆ. ಫಿಸಿಯೋಥೆರಪಿಗೂ ಹೋದೆ. ಕೀಲಿಗೆ ಕೊಟ್ಟ ಸ್ಟೀರಾಯ್ಡ್ ಚುಚ್ಚುಮದ್ದು ಒಂದು ಮದುವೆಯ ಹಂಗಾಮು ದಾಟಿಸಿತು, ಅಷ್ಟೇ. ಆಮೇಲೆ ಹಗಲಿಗಿಂತ ರಾತ್ರಿ ಹೆಚ್ಚು ಕಷ್ಟವಾಯಿತು. ಆ ಮಗ್ಗುಲಿಗೆ ಹೊರಳಿದರೆ ಎಚ್ಚರ, ಹೊರಳದಿದ್ದರೂ ಎಚ್ಚರ. ಕೊನೆಕೊನೆಗೆ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟು, ಆಮೇಲೆ ಕತ್ತರಿ ಹಿಡಿಯುವ ಸ್ಥಿತಿಗೆ ಬಂದೆ. ತಲೆ ಬಾಚುವುದನ್ನು ಸೊಸೆಗೆ ಬಿಟ್ಟೆ.

"ವಯಸ್ಸಾಯಿತು, ಅಂಗಡಿ ಮುಚ್ಚಿ ಆರಾಮವಾಗಿರಬಾರದೇ ಅತ್ತಿಗೆ" ಎಂದು ನಾದಿನಿ ಹೇಳಿದಳು. ಅಂಗಡಿ ಮುಚ್ಚಿದರೆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದೆ. ಅವಳ ಬಳಿ ಉತ್ತರವಿರಲಿಲ್ಲ.

ಬೆಂಗಳೂರಿನಲ್ಲಿರುವ ಮಗ ಅಲ್ಲಿಯ ಒಬ್ಬ ಭುಜತಜ್ಞರ ಬಳಿ ಕರೆದುಕೊಂಡು ಹೋದ. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್ ಎಲ್ಲ ಆದವು. ಭುಜದ ಕೀಲನ್ನು ಸುತ್ತುವರಿದು ಹಿಡಿದಿಡುವ ನಾಲ್ಕು ಸ್ನಾಯುಗಳಿವೆ. ನನ್ನದರಲ್ಲಿ ಮೇಲಿನ ಸ್ನಾಯುರಜ್ಜು ಎಂದೋ ಹರಿದು, ಒಳಕ್ಕೆ ಸರಿದು, ಸ್ನಾಯು ಕೊಬ್ಬಾಗಿ ಹೋಗಿತ್ತು. ಹಿಡಿತ ತಪ್ಪಿದ ತೋಳುಮೂಳೆಯ ಗುಂಡು ಮೇಲಕ್ಕೇರಿ ಮೇಲಿನ ಮೂಳೆಗೆ ಉಜ್ಜಿ ಉಜ್ಜಿ ಸವೆದಿತ್ತು. ಹರಿದದ್ದನ್ನು ಹೊಲಿಯಲಾಗದೇ ಎಂದು ಕೇಳಿದೆ. ನಾನು ಬೇರೇನು ಕೇಳಬಲ್ಲೆ? ಆಗುವುದಿಲ್ಲ ಎಂದರು. ಅದಕ್ಕೆ ವಿವರಣೆ ಬೇಕಾಗಲಿಲ್ಲ. ನೂಲು ಸತ್ತ ಬಟ್ಟೆಗೆ ಎಷ್ಟು ಹೊಲಿಗೆ ಹಾಕಿದರೂ ಹೊಲಿಗೆಯ ಪಕ್ಕದಲ್ಲೇ ಪಿಸಿಯುತ್ತದೆ.

ಅವರು ಹೇಳಿದ್ದು ರಿವರ್ಸ್ ಭುಜ ಬದಲಾವಣೆ. ನಮ್ಮ ಭುಜದಲ್ಲಿ ಗುಂಡು ಇರುವುದು ತೋಳಿನ ಮೂಳೆಯ ತುದಿಯಲ್ಲಿ, ಬಟ್ಟಲು ಇರುವುದು ಹೆಗಲಮೂಳೆಯಲ್ಲಿ. ಇದರಲ್ಲಿ ಅದಲು ಬದಲು. ಲೋಹದ ಗುಂಡನ್ನು ಹೆಗಲಮೂಳೆಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ, ತೋಳಿನ ಕಡೆಗೆ ಪ್ಲಾಸ್ಟಿಕ್ಕಿನ ಬಟ್ಟಲು. ಹಾಗೆ ಮಾಡಿದಾಗ ಹರಿದ ಸ್ನಾಯುವಿನ ಹಂಗಿಲ್ಲದೆ, ಭುಜದ ಹೊರಗೆ ಹೊದಿಕೆಯಂತಿರುವ ಡೆಲ್ಟಾಯ್ಡ್ ಸ್ನಾಯುವೇ ಕೈ ಎತ್ತುತ್ತದೆ. ಇದನ್ನು ಈಗಿನ ರೂಪಕ್ಕೆ ತಂದವರು ಫ್ರಾನ್ಸಿನ ಪಾಲ್ ಗ್ರಾಮೋಂ, 1985ರ ಸುಮಾರಿಗೆ. ಭುಜ ಬದಲಾವಣೆಯ ಕಥೆ ಅದಕ್ಕಿಂತ ಹಳೆಯದು. 1893ರಲ್ಲಿ ಪ್ಯಾರಿಸ್ಸಿನ ಪೆಯಾನ್ ಎಂಬ ವೈದ್ಯರು ಕ್ಷಯ ತಗುಲಿದ ಭುಜಕ್ಕೆ ಪ್ಲಾಟಿನಂ ಮತ್ತು ರಬ್ಬರಿನ ಕೀಲು ಕೂರಿಸಿದ್ದರಂತೆ. ರೋಗಿ ಬ್ರೆಡ್ ಮಾಡುವ ಕಸುಬಿನವನು. ಸೋಂಕು ಬಿಡದೆ ಸುಮಾರು ಎರಡು ವರ್ಷಕ್ಕೆ ಅದನ್ನು ತೆಗೆಯಬೇಕಾಯಿತು. ಮಗ ಫೋನಿನಲ್ಲಿ ಇದನ್ನೆಲ್ಲ ಓದಿ ಹೇಳಿದಾಗ, ಹಿಟ್ಟು ನಾದುವವನಿಗೆ ಆ ಎರಡು ವರ್ಷ ಎಷ್ಟು ದೊಡ್ಡದಿದ್ದಿರಬೇಕು ಎಂದು ನಾನು ಯೋಚಿಸುತ್ತಿದ್ದೆ.

ಕೈ ಎಷ್ಟು ಮೇಲಕ್ಕೆ ಹೋಗುತ್ತದೆ ಎಂದು ಮಗ ಡಾಕ್ಟರನ್ನು ಕೇಳಿದ. ಅವರು ಅವನಿಗೆ ಉತ್ತರಿಸದೆ ನನ್ನ ಕಡೆ ತಿರುಗಿ, "ಅಮ್ಮ, ಈ ಕೈಯಿಂದ ನಿಮಗೆ ಏನೇನು ಆಗಬೇಕು? ಬರೆದುಕೊಂಡು ಬನ್ನಿ" ಎಂದರು. ನನಗೆ ಸಿಕ್ಕ ಸಲಹೆಗಳಲ್ಲಿ ಅತ್ಯಂತ ಬೆಲೆಬಾಳುವುದು ಇದೇ. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ: ನಿದ್ದೆ. ಕತ್ತರಿಸುವುದು. ಗಿರಾಕಿಯ ಎದೆಸುತ್ತಳತೆ ತೆಗೆಯುವುದು. ಯಂತ್ರದ ಚಕ್ರ ತಿರುಗಿಸುವುದು. ತುಂಬಿದ ಕೊಡ ಎತ್ತುವುದು. ಅಟ್ಟದ ಮೇಲಿನ ಡಬ್ಬಿ. ಬೆನ್ನ ಹಿಂದೆ ಹುಕ್ಕು ಹಾಕಿಕೊಳ್ಳುವುದು. ಸೀರೆಯ ನೆರಿಗೆ ಹಿಡಿಯುವುದು. ತಲೆ ಬಾಚಿ ಜಡೆ ಹಾಕಿಕೊಳ್ಳುವುದು.

ಮುಂದಿನ ಭೇಟಿಯಲ್ಲಿ ಅವರು ಪೆನ್ನು ಹಿಡಿದು ಒಂದೊಂದಾಗಿ ನೋಡಿದರು. ನಿದ್ದೆಗೆ, ಕತ್ತರಿಗೆ, ಅಳತೆಗೆ, ನೆರಿಗೆಗೆ ಸರಿ ಗುರುತು. ಕೊಡಕ್ಕೆ ಅಡ್ಡಗೆರೆ. ಡಬ್ಬಿಗೂ ಜಡೆಗೂ ಪ್ರಶ್ನಾರ್ಥಕ. ಬೆನ್ನ ಹಿಂದಿನ ಹುಕ್ಕಿನ ಎದುರು ಸ್ವಲ್ಪ ಹೊತ್ತು ತಡೆದು, ಇದು ಆಗದೆಯೂ ಇರಬಹುದು ಎಂದರು. ಕೈಯನ್ನು ಬೆನ್ನ ಹಿಂದೆ ತಿರುಗಿಸುವ ಚಲನೆ ಈ ಕೀಲಿಗೆ ಕಷ್ಟ. ಮೊದಮೊದಲು ಕೀಲು ತಪ್ಪುವ ಅಪಾಯವೂ ಇರುವುದು ಆ ಭಂಗಿಯಲ್ಲೇ. ಸೋಂಕು, ನರಕ್ಕೆ ಪೆಟ್ಟು, ಮೂಳೆ ಬಿರುಕು ಬಿಡುವುದು, ಇವನ್ನೂ ಮುಚ್ಚಿಡದೆ ಹೇಳಿದರು. ಹಾಳೆ ನೋಡಿದೆ. ಹುಕ್ಕನ್ನು ಮುಂದಕ್ಕೆ ತರುವುದು ನನಗೆ ಹತ್ತು ನಿಮಿಷದ ಕೆಲಸ. ನಿದ್ದೆಯನ್ನು ಯಾವ ದರ್ಜಿಯೂ ಹೊಲಿದು ಕೊಡುವುದಿಲ್ಲ. ಅಲ್ಲೇ ಒಪ್ಪಿಕೊಂಡೆ.

ದಿನ ಗೊತ್ತು ಮಾಡುವಾಗ ಆಷಾಢ ಬೇಡ ಎಂದು ಮನೆಯವರೆಲ್ಲ ಹಟ ಹಿಡಿದರು. ನನಗೆ ಆಷಾಢವೇ ಬೇಕಾಗಿತ್ತು. ಮದುವೆಗಳಿಲ್ಲ, ಅಂಗಡಿಗೆ ನೊಣ ಮಾತ್ರ. ದೀಪಾವಳಿಯ ಹೊತ್ತಿಗೆ, ಹಾಸನಾಂಬೆಯ ಬಾಗಿಲು ತೆರೆಯುವಾಗ, ಹೊಸ ರವಿಕೆಗೆ ಬರುವವರನ್ನು ಬರಿಗೈಲಿ ಕಳಿಸಲು ನನಗೆ ಮನಸ್ಸಿಲ್ಲ. ಶಸ್ತ್ರಚಿಕಿತ್ಸೆಯ ದಿನದೊಳಗೆ ರಕ್ತದ ಸಕ್ಕರೆ ಇಳಿಸಬೇಕೆಂದು ಡಾಕ್ಟರ್ ಪಟ್ಟು ಹಿಡಿದಿದ್ದರು. ಸಂಜೆಯ ಬೇಕರಿ ತಿಂಡಿ ಬಿಟ್ಟೆ. ಅದರ ಬಗ್ಗೆ ಮಾತನಾಡಲು ಇಷ್ಟವಿಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ, ಮಲಗಿದ್ದೆ. ಅದಕ್ಕೆ ಮುಂಚೆ ಕುತ್ತಿಗೆಯ ಬುಡಕ್ಕೆ ಚುಚ್ಚಿ ಕೈಯನ್ನು ಮರಗಟ್ಟಿಸಿದ್ದರು. ಎಚ್ಚರವಾದಾಗ ಪಕ್ಕದಲ್ಲಿ ಯಾರದೋ ಕೈ ಇತ್ತು. ದನಿ ಒಡೆದಿತ್ತು, ಬಲಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಪಾರ್ಶ್ವವಾಯು ಹೊಡೆಯಿತೆಂದು ಮಗ ಹೆದರಿ ನರ್ಸನ್ನು ಕರೆದ. ಆ ಚುಚ್ಚುಮದ್ದಿನ ಪರಿಣಾಮ, ಇಳಿಯುತ್ತದೆ ಎಂದರು, ಇಳಿಯಿತು. ಮದ್ದಿನ ಪ್ರಭಾವ ಕಳೆದ ರಾತ್ರಿ ಮಾತ್ರ ಕೆಟ್ಟದ್ದು. ನೋವು ಶುರುವಾಗುವ ಮೊದಲೇ ಮಾತ್ರೆ ನುಂಗಬೇಕು, ಶೌರ್ಯ ತೋರಿಸಬಾರದು.

ಹಾಸನಕ್ಕೆ ಮರಳಿದ್ದು ಕಾರಿನಲ್ಲಿ. ಎಡಗಡೆ ಕೂತರೆ ಸೀಟ್ ಬೆಲ್ಟ್ ಎಡಹೆಗಲ ಮೇಲೆ ಬರುತ್ತದೆ, ಬಲಭುಜ ಬಚಾವು. ಬಲಮೊಣಕೈ ಕೆಳಗೆ ದಿಂಬು. ಬೆಳ್ಳೂರು ಕ್ರಾಸಿನವರೆಗೆ ಪ್ರತಿ ಉಬ್ಬಿಗೂ ಬೈದೆ, ಆಮೇಲೆ ನಿದ್ದೆ ಹೋದೆ.

ಆರು ವಾರ ಸ್ಲಿಂಗ್. ಮಲಗುವುದು ಬೆನ್ನಿಗೆ ದಿಂಬು ಒಟ್ಟಿ ಅರ್ಧ ಕೂತಂತೆ. ಕುರ್ಚಿಯಿಂದ ಏಳುವಾಗ ಆ ಕೈ ಊರಬಾರದು. ಇದೊಂದನ್ನು ಸೊಸೆ ಗಿಣಿಗೆ ಕಲಿಸಿದ ಹಾಗೆ ಹೇಳುತ್ತಿದ್ದಳು. ಹೊಟ್ಟೆಯ ಹತ್ತಿರ ಕಟ್ಟಿದ ಕೈಗೆ ರವಿಕೆ ತೊಡಿಸುವುದು ಹೇಗೆಂದು ಮಾತ್ರ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ 'ಸಡಿಲ ಉಡುಪು ಧರಿಸಿ' ಎಂದಿತ್ತು. ಸಡಿಲವಾದರೇನು, ತೋಳು ತೂರಿಸಲು ಕೈ ಎತ್ತಬೇಕಲ್ಲ! ಹೋಗುವ ಮೊದಲೇ ನಾನು ಹಳೆಯ ಕಾಟನ್ ರವಿಕೆಗಳನ್ನು ಬಿಚ್ಚಿ ಸಿದ್ಧ ಮಾಡಿಕೊಂಡಿದ್ದೆ. ಬಲಗಡೆ ಕುತ್ತಿಗೆಯಿಂದ ಭುಜದ ಹೊಲಿಗೆಗುಂಟ ತೋಳಿನ ಅಂಚಿನವರೆಗೆ ಪೂರ್ತಿ ಬಿಚ್ಚಬೇಕು. ಎರಡೂ ಅಂಚಿಗೆ ಎರಡು ಬೆರಳಗಲ ಪಟ್ಟಿ ಕೊಟ್ಟು ಟಿಚ್ ಬಟನ್ ಹಾಕಬೇಕು. ಗಾಯ ಇರುವುದು ಭುಜದ ಮುಂಭಾಗದಲ್ಲಿ, ಆದ್ದರಿಂದ ಬಟನ್‌ಗಳ ಸಾಲನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. ಕಂಕುಳಿನಲ್ಲಿ ಒಂದು ಚೌಕ ಬಟ್ಟೆ ಸೇರಿಸಿದರೆ ಗಾಳಿಯಾಡುತ್ತದೆ. ಸ್ಲಿಂಗಿನೊಳಗೆ ಅಲ್ಲೇ ಮೊದಲು ಬೆವೆತು ಕೆಂಪಾಗುವುದು. ಕಟ್ಟು ಬದಲಿಸುವ ನರ್ಸ್ ನೋಡಿ ಫೋಟೋ ತೆಗೆದುಕೊಂಡರು.

ಫಿಸಿಯೋಥೆರಪಿ ಬೇಸರದ ವಿಷಯ. ಬಗ್ಗಿ ನಿಂತು ಕೈಯನ್ನು ಇಳಿಬಿಟ್ಟು ತೂಗುವುದು, ಮೇಜಿನ ಮೇಲೆ ಬಟ್ಟೆ ಇಟ್ಟು ಅಂಗೈಯಿಂದ ಮುಂದಕ್ಕೆ ಜಾರಿಸುವುದು. ಎರಡನೆಯದು ನನಗೆ ಒಗ್ಗಿತು, ಕತ್ತರಿಸುವ ಮುನ್ನ ಬಟ್ಟೆ ಸವರುವ ಚಲನೆಯೇ ಅದು. ಯಂತ್ರಕ್ಕೆ ಮೋಟಾರು ಹಾಕಿಸಿದೆ. ಮೇಜಿನ ಕಾಲು ಕೊಯ್ಸಿ ತಗ್ಗಿಸಿದೆ.

ದೀಪಾವಳಿಗೆ ಅಂಗಡಿ ತೆರೆದಿತ್ತು, ಅರ್ಧ ದಿನ. ಈಗ ಪೂರ್ತಿ. ಅಳತೆ ತೆಗೆಯುತ್ತೇನೆ, ತಲೆ ಬಾಚಿಕೊಳ್ಳುತ್ತೇನೆ, ಜಡೆ ಇನ್ನೂ ಸೊಸೆಯದೇ. ಅಟ್ಟದ ಡಬ್ಬಿಗಳು ಕೆಳಗಿಳಿದಿವೆ. ಬೆನ್ನ ಹಿಂದೆ ಕೈ ಸೊಂಟದ ಪಕ್ಕದವರೆಗೆ ಹೋಗಿ ನಿಲ್ಲುತ್ತದೆ. ಮಳೆ ಹಿಡಿದಾಗ ಒಳಗೆ ಸಣ್ಣ ಜಡತ್ವ. ಬಲಮಗ್ಗುಲಿಗೆ ಮಲಗುವುದಿಲ್ಲ, ಎಡಮಗ್ಗುಲಿಗೆ ಮಲಗಿದರೆ ಬೆಳಗಿನ ಹಾಲಿನವನು ಕೂಗಬೇಕು.

ಭುಜದ ಶಸ್ತ್ರಚಿಕಿತ್ಸೆಗೆ ಹೊರಟವರು ಯಾರಾದರೂ ಇದ್ದರೆ ಆ ಟಿಚ್ ಬಟನ್ ರವಿಕೆ ಹೊಲಿದುಕೊಡುತ್ತೇನೆ. ಅಳತೆಗೆ ಹಳೆಯ ರವಿಕೆ ತನ್ನಿ, ಯಾವ ಭುಜ ಎಂದು ಚೀಟಿಯಲ್ಲಿ ಬರೆದಿಡಿ, ಲೈನಿಂಗ್ ಬೇಕೆಂದು ಹಟ ಮಾಡಬೇಡಿ. ಕೂಲಿ ಮಾಮೂಲಿನದೇ, ಬಟನ್‌ಗೆ ಬೇರೆ.