ಸಿಂಕ್ ಕಟ್ಟಿದೆಯೇ? ಪುಡಿ ಸುರಿಯುವ ಮುನ್ನ ಇದನ್ನು ಓದಿ

ವಿಜಯಪುರ, ಬಾಗಲಕೋಟೆ ಕಡೆ ಅಡುಗೆಮನೆ ಸಿಂಕ್ ಕಟ್ಟಿದರೆ ಮೊದಲ ಅನುಮಾನ ಜೋಳದ ಹಿಟ್ಟಿನ ಮೇಲೆ. ರೊಟ್ಟಿ ಹಿಟ್ಟು ನಾದಿದ ಪರಾತ ತೊಳೆದ ನೀರು ಸಿಂಕ್ ಕೆಳಗಿನ ಬಾಟಲಿಯಂಥ ಟ್ರ್ಯಾಪಿನಲ್ಲಿ ನಿಂತು ಹಿಟ್ಟು ಕೂರುತ್ತದೆ. ಇದಕ್ಕೆ ಡ್ರೇನ್ ಕ್ಲೀನರ್ ಪುಡಿ ಬೇಡ. ಬಿಸಿನೀರಂತೂ ಬೇಡವೇ ಬೇಡ, ಹಿಟ್ಟು ಬೆಂದು ಅಂಟಾಗುತ್ತದೆ. ಕೆಳಗೆ ಬಕೆಟ್ ಇಟ್ಟು, ಬಾಟಲ್ ಟ್ರ್ಯಾಪಿನ ತಳವನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ ತೊಳೆಯಿರಿ. ವಾಷರ್ ಸರಿಯಾಗಿ ಕೂರಿಸದಿದ್ದರೆ ಸೋರುತ್ತದೆ.

ಪುಡಿ ಕರಗಿಸುವುದು ಜಿಡ್ಡು ಮತ್ತು ಕೂದಲನ್ನು. ಮಣ್ಣು, ಬೋರ್‌ವೆಲ್ ನೀರಿನ ಸುಣ್ಣದ ಪದರ ಅದಕ್ಕೆ ಜಗ್ಗುವುದಿಲ್ಲ. ಅದರಲ್ಲಿರುವುದು ಮುಖ್ಯವಾಗಿ ಕಾಸ್ಟಿಕ್ ಸೋಡಾ. ಕೆಲವದರಲ್ಲಿ ಅಲ್ಯೂಮಿನಿಯಂ ಚೂರೂ ಇದ್ದು, ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಆದ್ದರಿಂದ ಒಲೆ ಆರಿಸಿ, ಕಿಟಕಿ ತೆರೆಯಿರಿ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು. ನಿಂತ ನೀರು ತೆಗೆದು, ಪೊಟ್ಟಣದ ಮೇಲೆ ಬರೆದಷ್ಟೇ ಪುಡಿ, ಬರೆದಷ್ಟೇ ತಣ್ಣೀರು ಹಾಕಿ ಮುಖ ದೂರವಿಡಿ. ಬಿಸಿನೀರು ಹೊಯ್ದರೆ ಕುದಿದು ಮೇಲಕ್ಕೆ ಸಿಡಿಯುತ್ತದೆ. ಬೇಗ ಆಗಲೆಂದು ಎರಡರಷ್ಟು ಸುರಿದರೆ ಪುಡಿ ಪೈಪಿನೊಳಗೇ ಕಲ್ಲಾಗಬಹುದು, ಆ ಕಾವಿಗೆ ಪಿವಿಸಿ ಮೆತ್ತಗಾಗಬಹುದು.

ಪುಡಿ ಕೆಲಸ ಮಾಡಲಿಲ್ಲವೆಂದು ಮೇಲೆ ಬಚ್ಚಲು ತೊಳೆಯುವ ಆಸಿಡ್ ಸುರಿಯುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ, ಎರಡೂ ಸೇರಿ ಕುದಿದು ಮೇಲಕ್ಕೆ ಸಿಡಿಯುತ್ತವೆ. ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಏಳುತ್ತದೆ. ಪುಡಿ ಹಾಕಿದ ಮೇಲೂ ನೀರು ಇಳಿಯದಿದ್ದರೆ ಪ್ಲಂಬರ್‌ಗೆ ಅದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಅವರು ಬರಿಗೈ ಹಾಕುತ್ತಾರೆ.

ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ. ಮಕ್ಕಳು ನುಂಗಿದರೆ ವಾಂತಿ ಮಾಡಿಸಬೇಡಿ. ಆಸ್ಪತ್ರೆಗೆ ಹೋಗುವಾಗ ಪೊಟ್ಟಣವನ್ನು ಜೊತೆಗೇ ಒಯ್ಯಿರಿ.