ಮುಟ್ಟಿ ಆಡಬಹುದಾದ ಗೋದಲಿ

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ಸಿನ ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಹಟ್ಟಿಯ ಪುಟ್ಟ ಮಾದರಿಯನ್ನು, ಕಟ್ಟುವುದು ಬಹುಮಟ್ಟಿಗೆ ಮಕ್ಕಳೇ. ಬೈಹುಲ್ಲಿನ ಮಾಡು, ಹಳೆಯ ಗೋಣಿಯನ್ನು ಮುದುಡಿ ಮಾಡಿದ ಗುಡ್ಡ, ಬಾವಿಕಟ್ಟೆಯ ಕಲ್ಲಿನಿಂದ ಕೆರೆದು ತಂದ ಪಾಚಿ, ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗಲೇ ತೆಂಗಿನ ಗೆರಟೆಗಳಲ್ಲಿ ಬಿತ್ತಿ ಮೊಳಕೆ ಬರಿಸಿದ ರಾಗಿ ಮತ್ತು ಸಾಸಿವೆ, ಇವೆಲ್ಲವನ್ನೂ ಹೊಂದಿಸಿ ಗದ್ದೆ, ತೋಡು, ಹಟ್ಟಿ ಎಂದು ಅವರು ಒಂದು ಊರನ್ನೇ ಎಬ್ಬಿಸುತ್ತಾರೆ. ಕೊನೆಯಲ್ಲಿ ದೊಡ್ಡವರು ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ, ಪೇಟೆಯಿಂದ ತಂದಿದ್ದ ಪ್ಲಾಸ್ಟರಿನ ಬೊಂಬೆಗಳನ್ನು ಕಾಗದದಿಂದ ಬಿಡಿಸಿ ಜೋಡಿಸುತ್ತಾರೆ. ಅಲ್ಲಿಂದ ಮುಂದೆ ಮನೆಯಲ್ಲಿ ಕೇಳಿಬರುವುದು "ಮುಟ್ಟಬೇಡ" ಎಂಬ ಒಂದೇ ಮಾತು. ಊರು ಕಟ್ಟಿದವರಿಗೇ ಊರೊಳಗೆ ಪ್ರವೇಶವಿಲ್ಲದಂತಾಗುತ್ತದೆ. ಗೋದಲಿಯ ಕುರಿ, ದನ, ಕುರುಬರು ಮಕ್ಕಳ ಆಟದ ಸಾಮಾನೂ ಆಗಿರಬೇಕು, ಅದಕ್ಕಾಗಿ ಅವು ಮರದವಾಗಿರಬೇಕು ಮತ್ತು ಸಾಧ್ಯವಾದಷ್ಟು ಮನೆಯಲ್ಲೇ ಮಾಡಿದವಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಹಾಗೆಯೇ ನಡೆದು ಬಂದಿದೆ.

ಗೋದಲಿಯ ಮೂಲದಲ್ಲೂ ಮುಟ್ಟಬಾರದೆಂಬ ಕಟ್ಟುಪಾಡು ಇರಲಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯನ್ನು, ಅಂದರೆ ದನದ ಮೇವಿನ ತೊಟ್ಟಿಯನ್ನು, ಇಟ್ಟು, ಜೀವಂತ ಎತ್ತು ಮತ್ತು ಕತ್ತೆಯನ್ನು ತಂದು ನಿಲ್ಲಿಸಿ ಕ್ರಿಸ್ಮಸ್ ರಾತ್ರಿಯ ಪೂಜೆಯನ್ನು ಏರ್ಪಡಿಸಿದರು. ಆ ಎತ್ತು ಕತ್ತೆಗಳ ಹೆಸರು ಮತ್ತಾಯನ ಸುವಾರ್ತೆಯ ಜನನ ಕಥನದಲ್ಲಾಗಲಿ ಲೂಕನದರಲ್ಲಾಗಲಿ ಬರುವುದಿಲ್ಲ. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಗೋದಲಿಯನ್ನೂ ಬಲ್ಲದು ಎನ್ನುವ ಹಳೆಯ ಒಡಂಬಡಿಕೆಯ ಪ್ರವಾದಿ ಯೆಶಾಯನ ಮಾತಿನಿಂದ ಅವು ಹಟ್ಟಿಯೊಳಗೆ ಬಂದು ನಿಂತಿವೆ. ಅಂದಮೇಲೆ ಯಾವ ಪ್ರಾಣಿ ಇರಬೇಕು, ಯಾವುದು ಕೂಡದು ಎಂದು ಕಟ್ಟುನಿಟ್ಟು ಮಾಡಲು ನಾವು ಯಾರು? ನಮ್ಮ ಗೋದಲಿಯಲ್ಲಿ ಎಮ್ಮೆಯಿದೆ, ಹುಂಜವಿದೆ, ಒಂದು ನಾಯಿಯೂ ಇದೆ. ನಾಯಿಯನ್ನು ಕಂಡು ಹುಬ್ಬೇರಿಸಿದ ಹಿರಿಯ ನೆಂಟರೊಬ್ಬರಿಗೆ, ಕುರಿ ಕಾಯುವವರು ನಾಯಿಯಿಲ್ಲದೆ ರಾತ್ರಿ ಬಯಲಿನಲ್ಲಿ ಕೂರುತ್ತಾರೆಯೇ ಎಂದು ಮನೆಯ ಕಿರಿಯ ಸದಸ್ಯೆಯೇ ಉತ್ತರ ಕೊಟ್ಟಳು.

ಆಟಿಕೆ ಮತ್ತು ಕ್ರಿಸ್ಮಸ್ ಬೊಂಬೆ ಒಂದೇ ಕೈಯಿಂದ ಹುಟ್ಟಿದ ಜಾಗವೆಂದರೆ ಜರ್ಮನಿಯ ಸ್ಯಾಕ್ಸನಿಯಲ್ಲಿ, ಜೆಕ್ ಗಡಿಗೆ ತಾಗಿಕೊಂಡಿರುವ ಎರ್ಟ್ಸ್‌ಗೆಬಿರ್ಗೆ ಬೆಟ್ಟಸಾಲು. ಅಲ್ಲಿನ ಝೈಫೆನ್ ಎಂಬ ಹಳ್ಳಿಯವರು ತವರದ ಗಣಿಯನ್ನು ನಂಬಿ ಬದುಕಿದವರು. ಅದಿರು ಕಡಿಮೆಯಾಗುತ್ತ ಬಂದಂತೆ ಅವರು ಸುತ್ತಲಿನ ಸ್ಪ್ರೂಸ್ ಕಾಡಿನ ಕಡೆಗೂ ಹೊಳೆಯ ನೀರಿನ ಬಲದಿಂದ ತಿರುಗುವ ಚರಕಿಯ, ಅಂದರೆ ಮರವನ್ನು ತಿರುಗಿಸುತ್ತ ಕಡೆಯುವ ಯಂತ್ರದ, ಕಡೆಗೂ ಹೊರಳಿದರು. 19ನೆಯ ಶತಮಾನದ ನಡುವಿನ ಹೊತ್ತಿಗೆ ಗಣಿ ನಿಂತೇ ಹೋಯಿತು, ಆಟಿಕೆಯ ಕೆಲಸ ಉಳಿಯಿತು. ಅವರು ಕಂಡುಕೊಂಡ ಒಂದು ಉಪಾಯವನ್ನು ತಿಳಿದಾಗ ಮರದ ಕೆಲಸದಲ್ಲಿ ಕೈಯಾಡಿಸುವ ಯಾರಿಗಾದರೂ ರೋಮಾಂಚನವಾಗದೆ ಇರದು. ಹಸಿ ಸ್ಪ್ರೂಸ್ ದಿಮ್ಮಿಯ ಅಡ್ಡಬಿಲ್ಲೆಯನ್ನು ಚರಕಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ಒಂದು ಮಗ್ಗುಲಲ್ಲಿ ತಗ್ಗುಗಳನ್ನು ತೋಡುತ್ತಾರೆ, ಬಳಿಕ ಮಗುಚಿ ಇನ್ನೊಂದು ಮಗ್ಗುಲಲ್ಲಿ ತೋಡುತ್ತಾರೆ. ಕೊನೆಗೆ ಕೈಗೆ ಬರುವುದು ತಲೆಹೊರೆಯ ಸಿಂಬೆಯಂಥ ಒಂದು ಬಳೆ. ಹೊರಗಿನಿಂದ ನೋಡಿದರೆ ಉಬ್ಬು ತಗ್ಗುಗಳ ಹೊರತು ಅದರಲ್ಲಿ ಏನೂ ಕಾಣದು. ಆ ಬಳೆಗೆ ಚಾಕುವಿಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿದರೆ ಒಂದು ಬಿಲ್ಲೆ ಸೀಳಿ ಬೀಳುತ್ತದೆ, ಆ ಬಿಲ್ಲೆ ಒಂದು ಹಸು. ಮುಂದಿನ ಏಟಿಗೆ ಇನ್ನೊಂದು ಹಸು. ಒಂದೇ ಬಳೆಯಿಂದ ಹತ್ತಾರು ಪ್ರಾಣಿಗಳು ಹೊರಬರುತ್ತವೆ. ಆಮೇಲೆ ಅವುಗಳ ಅಂಚನ್ನು ಚಾಕುವಿನಿಂದ ಕೆತ್ತಿ ದುಂಡಗಾಗಿಸಿ, ಕಿವಿ, ಕೊಂಬು, ಬಾಲ ಅಂಟಿಸಿ, ಬಣ್ಣ ಹಚ್ಚುವುದು ಮನೆಮಂದಿಯ ಕೆಲಸ. ತೋಡುವಾಗ ಕುಶಲಿಯ ಕಣ್ಣಿಗೆ ಹಸು ಕಾಣುತ್ತಲೇ ಇರುವುದಿಲ್ಲ ಎಂಬುದನ್ನು ನೆನೆದರೆ ಆ ವಿದ್ಯೆಯ ಆಳ ತಿಳಿಯುತ್ತದೆ. ಹೀಗೆ ಹುಟ್ಟಿದ ಪ್ರಾಣಿಗಳು ನೋಹನ ನಾವೆ ಎಂಬ ಆಟಿಕೆಯ ಪೆಟ್ಟಿಗೆಗಳಲ್ಲಿ ದೂರದೂರಕ್ಕೆ ಹೋದವು. 19ನೆಯ ಶತಮಾನದ ಕಟ್ಟುನಿಟ್ಟಿನ ಮನೆಗಳಲ್ಲಿ ಭಾನುವಾರ ಮಕ್ಕಳು ಆಡಬಹುದಾಗಿದ್ದ ಕೆಲವೇ ಆಟಿಕೆಗಳಲ್ಲಿ ಈ ನಾವೆಯೂ ಒಂದು, ಏಕೆಂದರೆ ಅದು ಬೈಬಲ್ಲಿನದು!

ನಮ್ಮ ಚನ್ನಪಟ್ಟಣದ ವಿದ್ಯೆಯೂ ಚರಕಿಯದೇ, ಆದರೆ ಅದರ ಸೊಗಸು ಇರುವುದು ಬಣ್ಣದಲ್ಲಿ. ಹಾಲೆ ಮರದ ತುಂಡು ತಿರುಗುತ್ತಿರುವಾಗ ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಕೇದಗೆಯ ಗರಿಯಿಂದ ತಿಕ್ಕಿದಾಗ ಕನ್ನಡಿಯ ಹೊಳಪು ಬರುತ್ತದೆ. ಜಪಾನಿನ ವಿಧಾನಗಳನ್ನು ಇಲ್ಲಿಗೆ ತಂದವರೆಂದು ಅಲ್ಲಿನವರು ಬಾವಾಸ್ ಮಿಯಾನ್ ಅವರನ್ನು ಇಂದಿಗೂ ನೆನೆಯುತ್ತಾರೆ. ಅರಗು ಬಾಯಿಗೆ ಹೋದರೂ ಅಪಾಯವಿಲ್ಲದ ಲೇಪವಾದ್ದರಿಂದ, ಕೂಸುಗಳ ಗಿಲಕಿಯಂಥ ವಸ್ತುಗಳನ್ನು ಮನೆಯಲ್ಲಿ ಮಾಡಲು ಹೊರಡುವುದಕ್ಕಿಂತ ಚನ್ನಪಟ್ಟಣದವರ ಕೈಯಿಂದ ಕೊಳ್ಳುವುದೇ ಮೇಲು ಎಂದು ನಾನು ತಿಳಿದಿದ್ದೇನೆ.

ಚರಕಿಯಿಲ್ಲದ ಮನೆಯಲ್ಲಿ ಝೈಫೆನ್ನಿನ ಉಪಾಯವನ್ನು ಹೇಗೆ ಬಳಸುವುದು? ಆ ಬಳೆಯ ಗುಟ್ಟು ಮರದ ಎಳೆಯಲ್ಲಿದೆ. ಬಿಲ್ಲೆಯಲ್ಲಿ ಎಳೆಗಳು ಪ್ರಾಣಿಯ ಕಾಲಿನುದ್ದಕ್ಕೂ ಓಡುತ್ತವೆ. ಅದರಿಂದ ಸೀಳುವುದೂ ಸುಲಭ, ತೆಳ್ಳನೆಯ ಕಾಲು ಮುರಿಯುವುದೂ ಅಪರೂಪ. ಎಳೆ ಅಡ್ಡಲಾಗಿದ್ದರೆ ಕುರಿ ಮೊದಲ ಬಾರಿ ನೆಲಕ್ಕೆ ಬಿದ್ದಾಗಲೇ ಕುಂಟುತ್ತದೆ. ಆದ್ದರಿಂದ ನಾವು ನೇರ ಎಳೆಯ ಪೈನ್ ಮರದ ಒಂಬತ್ತು ಸೆಂಟಿಮೀಟರ್ ಚೌಕದ ಗಿಡ್ಡ ತುಂಡನ್ನು ಎಳೆ ಮೇಲಿನಿಂದ ಕೆಳಕ್ಕೆ ಬರುವಂತೆ ನಿಲ್ಲಿಸಿ, ಅದರ ಒಂದು ಮುಖದ ಮೇಲೆ ಕುರಿಯ ಪಕ್ಕನೋಟವನ್ನು ಪೆನ್ಸಿಲಿನಿಂದ ಬರೆಯುತ್ತೇವೆ. ಗೆರೆಗಳೆಲ್ಲ ನೇರವಾಗಿರಬೇಕು: ಹೊಟ್ಟೆಯ ಕೆಳಗೆ ಒಂದು ಚೌಕದ ಕಿಂಡಿ, ಕತ್ತಿನ ಹಿಂದೆ ಒಂದು ಓರೆ, ಮೂತಿಯ ಕೆಳಗೆ ಇನ್ನೊಂದು. ಗರಗಸ ಮತ್ತು ಉಳಿಯಿಂದ ಆ ಭಾಗಗಳನ್ನು ತುಂಡಿನ ಈ ಮುಖದಿಂದ ಆ ಮುಖದವರೆಗೆ ಪೂರ್ತಿಯಾಗಿ ತೆಗೆದರೆ, ಉಳಿಯುವುದು ಒತ್ತೊತ್ತಾಗಿ ನಿಂತ ಕುರಿಗಳ ಒಂದು ಗಟ್ಟಿ. ಅಗಲವಾದ ಉಳಿಯನ್ನು ನೆತ್ತಿಯ ಮೇಲಿಟ್ಟು ಕೊಡತಿಯಿಂದ ಬಡಿದರೆ ಎರಡು ಸೆಂಟಿಮೀಟರ್ ದಪ್ಪದ ಕುರಿಗಳು ಒಂದೊಂದಾಗಿ ಬೇರ್ಪಡುತ್ತವೆ. ಇಷ್ಟು ದೊಡ್ಡವರ ಕೆಲಸ. ಅಲ್ಲಿಂದಾಚೆಗೆ ಉಪ್ಪುಕಾಗದ ಮಕ್ಕಳ ಕೈಗೆ ಹೋಗುತ್ತದೆ. ಮೊದಲು 120ರ ಒರಟು ತರಿಯದು, ಮತ್ತೆ 220ರ ನಯ ತರಿಯದು, ಯಾವಾಗಲೂ ಎಳೆಯ ಉದ್ದಕ್ಕೇ. ಸೀಳಿದ ಮೈ ಗರಗಸದ ಮೈಯಷ್ಟು ಸಪಾಟಾಗಿರುವುದಿಲ್ಲ, ಎಳೆಯ ಸಣ್ಣ ಅಲೆಗಳು ಅದರ ಮೇಲೆ ಹಾಗೆಯೇ ನಿಲ್ಲುತ್ತವೆ. ಅದೇ ಉಣ್ಣೆಯಂತೆ ಕಾಣುವುದರಿಂದ ಅದನ್ನು ಪೂರ್ತಿ ಅಳಿಸಬೇಡಿರೆಂದು ಮಕ್ಕಳಿಗೆ ಹೇಳಬೇಕಾಗುತ್ತದೆ. ಕುರುಬರು, ಜೋಸೆಫ್, ಮರಿಯ ಇವರೆಲ್ಲ ಇನ್ನೂ ಸುಲಭ: ಮರದ ಪರದೆಕೋಲಿನ ಏಳು ಸೆಂಟಿಮೀಟರಿನ ತುಂಡುಗಳು, ಮುಖಕ್ಕೆ ಹೆಚ್ಚೆಂದರೆ ಎರಡು ಚುಕ್ಕೆ. ಮೂಗು ಬಾಯಿ ಬರೆಯಹೊರಟರೆ ಸಂತರೆಲ್ಲ ಸಿಟ್ಟುಗೊಂಡವರಂತೆ ಕಾಣುತ್ತಾರೆ.

ಪೈನ್ ಮರ ಸಿಗುವುದು ಗುಜರಿ ಅಂಗಡಿಗೆ ಬರುವ ಹಡಗುಸಾಮಾನಿನ ಪ್ಯಾಲೆಟ್‌ಗಳಿಂದ, ಅಂದರೆ ಸರಕನ್ನು ಪೇರಿಸಿಡುವ ಮರದ ಅಡಿಹಲಗೆಗಳಿಂದ. ಆದರೆ ಅದರ ಮೇಲಿನ ಮುದ್ರೆಯನ್ನು ನೋಡದೆ ತರಬಾರದು. ಎಚ್‌ಟಿ ಎಂಬ ಅಕ್ಷರಗಳಿದ್ದರೆ ಮರವನ್ನು ಬಿಸಿ ಮಾಡಿ ಹುಳು ಕೊಂದಿದ್ದಾರೆ ಎಂದರ್ಥ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದಾರೆ. ಎರಡನೆಯದಕ್ಕೂ, ಮುದ್ರೆಯೇ ಇಲ್ಲದ್ದಕ್ಕೂ, ಎಣ್ಣೆ ಅಥವಾ ರಾಸಾಯನಿಕದ ಕಲೆಯಿರುವುದಕ್ಕೂ ಮಕ್ಕಳ ಆಟಿಕೆಯಲ್ಲಿ ಜಾಗವಿಲ್ಲ. ಊರಿನ ಮರಗಳಲ್ಲಿ ಹಲಸು ಎಳೆದಾಡುವ ಬಂಡಿಗೆ ಒಳ್ಳೆಯದು, ಎಳೆ ಹೆಣೆದುಕೊಂಡಿರುವುದರಿಂದ ಸೀಳುವ ಕೆಲಸಕ್ಕಾಗದು. ಆಟಿ ಅಮಾವಾಸ್ಯೆಗೆ ತೊಗಟೆ ತೆಗೆಯುವ ಪಾಲೆ ಮರ ಮೆದುವಾಗಿ ಹಗುರವಾಗಿದ್ದರೂ ಬೇಗ ಬೂಸ್ಟು ಹಿಡಿಯುತ್ತದೆ.

ಲೇಪದ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ, ಆದ್ದರಿಂದ ಅದಕ್ಕೂ ಹಿಂದಿನ ಅರೆಬರೆ ಡಬ್ಬಿಗಳು ಅಟ್ಟದಲ್ಲಿದ್ದರೆ ಅವುಗಳ ಮುಚ್ಚಳ ತೆಗೆಯುವುದೇ ಬೇಡ. ಮರ ಮರದಂತೆಯೇ ಕಾಣಲಿ ಎನ್ನುವವರಿಗೆ ಹಸಿ ಅಗಸೆ ಎಣ್ಣೆ ಸಾಕು. ಅದು ಮೆಲ್ಲಗೆ ಆರುತ್ತದೆ, ಒಂದೆರಡು ವಾರ ತಾಳ್ಮೆ ಬೇಕು, ಅಂದರೆ ಈ ಕೆಲಸ ಡಿಸೆಂಬರ್ ಮೊದಲ ವಾರಕ್ಕೇ ಮುಗಿದಿರಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ "ಕಾಯಿಸಿದ" ಎಣ್ಣೆ ಎಂದು ಮಾರುವುದರಲ್ಲಿ ಬೇಗ ಆರಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ, ಅದು ಆಟಿಕೆಗೆ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದು ಅಪಾಯ: ಅಗಸೆ ಎಣ್ಣೆ ಆರುವಾಗ ಗಾಳಿಯ ಆಮ್ಲಜನಕವನ್ನು ಹೀರಿ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಹೊರಗೆ ಹಗ್ಗದ ಮೇಲೆ ಅಗಲವಾಗಿ ಹರವಿ ಒಣಗಿಸಬೇಕು. ಇನ್ನು ಗಾತ್ರದ ಮಾತು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಭಾಗವೂ 31.7 ಮಿಲಿಮೀಟರ್ ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿಯಾಗಿ ಇಳಿಯಬಾರದೆಂಬುದು ಸುರಕ್ಷತಾ ಮಾನದಂಡ. ಗೋದಲಿಯ ಮಗುವನ್ನು ಈ ಅಳತೆ ನೋಡಿ, ತೊಟ್ಟಿಲಿನೊಂದಿಗೆ ಒಂದೇ ತುಂಡಿನಲ್ಲಿ ಮಾಡುವುದು ಕ್ಷೇಮ. ಅಂದಹಾಗೆ, ಇವೆಲ್ಲ ಮನೆಯ ಮಕ್ಕಳಿಗಾಗಿ. ಮಾರಲು ಹೊರಟರೆ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ನೋಂದಾಯಿತ ಕರಕುಶಲಿಗಳಿಗೆ ವಿನಾಯಿತಿ ಉಂಟು.

ಮರದ ಧೂಳಿನಿಂದ ಬೇಸರ ಬಂದ ದಿನಗಳಲ್ಲಿ ನಕ್ಷತ್ರದ ಕೆಲಸ. ಒಂದೇ ಉದ್ದದ ಹತ್ತು ಬಿದಿರಿನ ಸೀಳುಗಳಿಂದ ಐದೈದರಂತೆ ಎರಡು ನಕ್ಷತ್ರಗಳನ್ನು ಹೆಣೆದು, ಒಂದರ ಮೇಲೊಂದಿಟ್ಟು ಐದು ಮೂಲೆಗಳನ್ನು ನೂಲಿನಿಂದ ಬಿಗಿದು, ಒಳಗಿನ ಐದು ಕೂಡುಗಳಲ್ಲಿ ಗಿಡ್ಡ ಕಡ್ಡಿಗಳನ್ನು ಊರೆಯಾಗಿ ಕೊಟ್ಟರೆ ಅದು ಉಬ್ಬಿ ನಿಲ್ಲುತ್ತದೆ. ಅರುವತ್ತು ಸೆಂಟಿಮೀಟರಿನ ಸೀಳಿಗೆ ಹನ್ನೆರಡು ಸೆಂಟಿಮೀಟರಿನ ಊರೆ ಹದವಾಗಿರುತ್ತದೆ. ಬಣ್ಣದ ಕಾಗದವನ್ನು ಮೈದಾ ಅಂಟಿನಿಂದ ಹಚ್ಚಬೇಕು. ಜಿರಲೆ ತಿನ್ನದಿರಲೆಂದು ಅಂಟಿಗೆ ಮೈಲುತುತ್ತು ಬೆರೆಸುವ ಹಳೆಯ ಪದ್ಧತಿಯನ್ನು ಮಕ್ಕಳು ಕೈಯಾಡಿಸುವ ಕೆಲಸದಲ್ಲಿ ಬಿಟ್ಟುಬಿಡಬೇಕು, ಅದು ವಿಷ. ಒಳಗೆ ಎಲ್‌ಇಡಿ ಬಲ್ಬು ಮಾತ್ರ. ಕ್ರಿಸ್ಮಸ್ ಮರಕ್ಕೆ ನಮ್ಮಲ್ಲಿ ಹಿಂದಿನಿಂದಲೂ ಗಾಳಿಮರದ ಕೊಂಬೆಯೇ. ಅದಕ್ಕೆ ತೂಗಲು ಮಕ್ಕಳು ಅಡಿಕೆ ಹಾಳೆಯಿಂದ ಕತ್ತರಿಸಿದ ಮೀನು, ಗಂಟೆ, ಹಕ್ಕಿಗಳು ಪೇಟೆಯ ಮಿಣಮಿಣ ಗೋಲಿಗಳಿಗಿಂತ ಚೆನ್ನಾಗಿ ಒಪ್ಪುತ್ತವೆ ಎಂದು ನನಗನ್ನಿಸುತ್ತದೆ, ಮನೆಯಲ್ಲಿ ಎಲ್ಲರೂ ಒಪ್ಪುವುದಿಲ್ಲ.

ಮುಟ್ಟಬಹುದಾದ ಗೋದಲಿಯಲ್ಲಿ ಕಥೆ ದಿನದಿನವೂ ಸಾಗುತ್ತದೆ. ಮರಿಯ ಮತ್ತು ಜೋಸೆಫ್ ಅಡುಗೆಮನೆಯ ಕಿಟಕಿಯಿಂದ ಹೊರಟು 24ರ ಸಂಜೆಗೆ ಹಟ್ಟಿ ಸೇರುತ್ತಾರೆ, ಮಗು ಅಂದಿನ ರಾತ್ರಿಯ ಪೂಜೆ ಮುಗಿಸಿ ಬಂದ ಮೇಲಷ್ಟೇ ಬರುತ್ತದೆ. ಮಗುವನ್ನು ಕಾಣಲು ಹೊರಟ ಮೂವರು ಅರಸರು ಪುಸ್ತಕದ ಕಪಾಟು, ಟಿವಿ, ಹೊಲಿಗೆ ಯಂತ್ರಗಳನ್ನು ದಾಟಿಕೊಂಡು ಜನವರಿ 6ರ ತಮ್ಮ ಹಬ್ಬಕ್ಕೆ ಸರಿಯಾಗಿ ಬಂದು ಮುಟ್ಟಬೇಕು. ನಡುವೆ ಕುರಿಗಳು ಬಂಡಿಯೇರಿ ಪಕ್ಕದ ಮನೆಗೆ ಹೋಗಿಬರುವುದೂ ಉಂಟು.

ಅರಸರ ಹಬ್ಬ ಕಳೆದ ಮೇಲೆ ಹುಲ್ಲು ಹಟ್ಟಿಗೆ, ಮೊಳಕೆ ಕೋಳಿಗಳಿಗೆ ಹೋಗುತ್ತವೆ, ಮರದ ಪ್ರಾಣಿಗಳು ಮಕ್ಕಳ ಆಟದ ಬುಟ್ಟಿಯಲ್ಲೇ ಉಳಿಯುತ್ತವೆ. ಕರಾವಳಿಯ ಮಳೆಗಾಲ ಮರಕ್ಕೆ ಒಳ್ಳೆಯದಲ್ಲವಾದ್ದರಿಂದ ಜೂನ್ ಬರುವ ಮೊದಲು ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ ಇನ್ನೊಂದು ಕೈ ಎಣ್ಣೆ ಕೊಡುತ್ತೇವೆ. ಬುಟ್ಟಿಯ ತಳದಲ್ಲಿ ಹಿಟ್ಟಿನಂಥ ನಯವಾದ ಪುಡಿ ಕಂಡರೆ ಯಾವುದೋ ಒಂದು ಪ್ರಾಣಿಗೆ ಕುಟ್ಟೆ ಹುಳು ಹಿಡಿದಿದೆ ಎಂದೇ ಲೆಕ್ಕ. ಸೂಜಿಮೊನೆಯಷ್ಟು ತೂತುಗಳಿರುವ ಆ ರೋಗಿಯನ್ನು ಹುಡುಕಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಎರಡು ವಾರ ಫ್ರೀಜರಿನಲ್ಲಿ ಮೀನಿನ ಪಕ್ಕದಲ್ಲಿ ಇಟ್ಟರೆ ಹುಳು ಸಾಯುತ್ತದೆ, ಔಷಧ ಬಳಿಯುವ ಪ್ರಮೇಯ ಬರುವುದಿಲ್ಲ.